ಕಾಗೆ ಮುಖ ನೆನಪಿಟ್ಕೊಳ್ಳುತ್ತಾ? ಮೂರು ವಾರದಿಂದ ನನ್ನೊಬ್ಬಳ ತಲೆಗೇ ಕುಕ್ತಿದೆ

ಮಹಡಿಮನೆ (ದಾವಣಗೆರೆ):

ಎಲ್ರಿಗೂ ನಮಸ್ಕಾರ. ಓದೋರಿಗೆ ಸಣ್ಣ ವಿಷ್ಯ ಅನ್ಸಬಹುದು ಆದ್ರೆ ನಂಗೆ ನಿಜವಾಗ್ಲೂ ಸಾಕಾಗಿದೆ, ಹಕ್ಕಿ ಬಗ್ಗೆ ಗೊತ್ತಿರೋರು ದಯವಿಟ್ಟು ಹೇಳಿ.

ನಮ್ಮನೆ ಪಕ್ಕದ ಖಾಲಿ ಸೈಟಲ್ಲಿ ಬೇವಿನ ಮರ ಇದೆ, ಅದ್ರಲ್ಲಿ ಕಾಗೆ ಗೂಡು. ಮೇ ಕೊನೇಲಿ ಜೋರು ಗಾಳಿ ಮಳೆ ಬಂದ ದಿನ ಒಂದು ಮರಿ ಕೆಳಗೆ ಬಿದ್ದು ಚರಂಡಿ ಪಕ್ಕ ಒದ್ದೆ ಮುದ್ದೆಯಾಗಿ ಕೂತಿತ್ತು. ಬೀದಿನಾಯಿ ಎರಡು ಅಲ್ಲೇ ಸುತ್ತಾಡ್ತಿದ್ವು, ನೋಡಕ್ಕಾಗ್ದೆ ನಾನೇ ಹೋಗಿ ಟವೆಲ್ ಹಾಕಿ ಎತ್ತಿ ಕಾಂಪೌಂಡ್ ಮೇಲೆ ಕೊಂಬೆ ತಾಗೋ ಜಾಗದಲ್ಲಿ ಬಿಟ್ಟೆ. ಕಾಗೆಮರಿ ಅಂದ್ರೆ ಪೂರ್ತಿ ಕಪ್ಪು ಅನ್ಕೊಂಡಿದ್ದೆ, ಇದ್ರ ಮೈಮೇಲೆ ಬಿಳಿ ಚುಕ್ಕೆ ಇತ್ತು, ಮರಿ ಅಲ್ವಾ ಅದಕ್ಕೇ ಇರ್ಬೇಕು. ಅದು ಹೇಗೋ ಕುಪ್ಪಳಿಸ್ಕೊಂಡು ಮರ ಹತ್ತಿ ಹೋಯ್ತು, ಬದುಕಿದೆ, ಈಗ್ಲೂ ದಿನಾ ಕಿರುಚ್ತಾ ಇರುತ್ತೆ.

ಅವತ್ತಿಂದ ನಾನು ಮಹಡಿ ಮೇಲೆ ಬಟ್ಟೆ ಒಣಗಾಕಕ್ಕೆ ಹೋದ್ರೆ ಸಾಕು ಎರಡು ಕಾಗೆ ಎಲ್ಲಿರ್ತಾವೋ ಬಂದ್ಬಿಡ್ತಾವೆ, ಹಿಂದಿಂದ ಬಂದು ತಲೆಗೆ ಫಟ್ ಅಂತ ಕುಕ್ಕಿ ಹೋಗ್ತವೆ. ಎದುರಿಂದ ಒಂದು ಸಲಾನೂ ಬಂದಿಲ್ಲ. ನಮ್ಮತ್ತೆ ದಿನಾ ಅದೇ ಮಹಡೀಲಿ ಸಂಡಿಗೆ ಕಾಯ್ತಾ ಕೂತಿರ್ತಾರೆ, ಅವ್ರಿಗೆ ಏನೂ ಮಾಡಲ್ಲ. ನಮ್ಮ ಯಜಮಾನ್ರಿಗೂ ಇಲ್ಲ. ಬೀದಿ ಕೊನೆ ಹಾಲಿನ ಬೂತ್ ತನಕ ಕಂಬದಿಂದ ಕಂಬಕ್ಕೆ ಹಾರ್ಕೊಂಡು ಕಾಕಾ ಅಂತ ಬೈಕೊಂಡು ಬರುತ್ತೆ, ಬೂತಿನವ್ರು ಏನಮ್ಮಾ ಕಾಗೆ ಸಾಕಿದೀರಾ ಅಂತಾರೆ. ಮೊನ್ನೆ ಯಜಮಾನ್ರ ಹೆಲ್ಮೆಟ್ ಹಾಕ್ಕೊಂಡು ಗಾಜು ಇಳಿಸ್ಕೊಂಡು ಹೋದೆ. ಎರಡೂ ಟ್ಯಾಂಕ್ ಮೇಲೆ ಕೂತು ಸುಮ್ನೆ ನೋಡ್ತಿದ್ವು. ಬಟ್ಟೆ ಎಲ್ಲಾ ಹರವಿ ಆಯ್ತು ಅಂತ ಬೆವರು ಒರೆಸ್ಕೊಳಕ್ಕೆ ಹೆಲ್ಮೆಟ್ ತೆಗ್ದೆ, ತೆಗ್ದಿದ್ದೇ ತಡ ಮತ್ತೆ ಶುರು!

ಅತ್ತೆ ಇದು ಶನಿಕಾಟ, ಎಳ್ಳೆಣ್ಣೆ ದೀಪ ಹಚ್ಚು ಅಂತಿದಾರೆ, ಹಚ್ಚಿದೀನಿ. ಆದ್ರೆ ನಂಗೆ ಗೊತ್ತಾಗ್ಬೇಕಿರೋದು, ಅದಕ್ಕೆ ನನ್ನ ಮುಖ ನಿಜವಾಗ್ಲೂ ಗೊತ್ತಾ? ಎಷ್ಟು ದಿನ ನೆನಪಿರುತ್ತೆ? ಒಳ್ಳೇದು ಮಾಡಿದ್ದು ಅಂತ ಅದಕ್ಕೆ ಹೇಳೋದು ಹೇಗೆ?

ಹಕ್ಕಿ ಹಿಂದೆ (ಮೈಸೂರು):

ಮೇಡಂ, ಹೆಲ್ಮೆಟ್ ಹಾಕಿ ತೆಗೆದು ನೋಡಿದ್ರಲ್ಲ, ಅಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಹೌದು, ಮುಖಾನೇ ಗುರುತಿಟ್ಕೊಂಡಿದೆ. ಸೀರೆ ಅಲ್ಲ, ನಡಿಗೆ ಅಲ್ಲ, ಮುಖ.

ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟೀಲಿ ಜಾನ್ ಮಾರ್ಜ್ಲಫ್ ಅಂತ ಪ್ರೊಫೆಸರ್ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಗುಹಾಮಾನವನ ರಬ್ಬರ್ ಮುಖವಾಡ ಹಾಕ್ಕೊಂಡು ಕ್ಯಾಂಪಸ್ಸಲ್ಲಿ 7 ಕಾಗೆ ಹಿಡಿದು ಕಾಲಿಗೆ ಬಳೆ ಹಾಕಿ ಬಿಟ್ರು. ಹೋಲಿಕೆಗೆ ಅಂತ ಇನ್ನೊಂದು ಮುಖವಾಡ, ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವ್ರದ್ದು, ಅದನ್ನ ಹಾಕ್ಕೊಂಡೋರು ಕಾಗೆ ತಂಟೆಗೇ ಹೋಗ್ಲಿಲ್ಲ. ಆಮೇಲೆ ಬೇರೆ ಬೇರೆ ಜನ, ಗಂಡಸ್ರು ಹೆಂಗಸ್ರು ದಪ್ಪ ಸಣ್ಣ ಎಲ್ರೂ ಸರದಿ ಮೇಲೆ ಈ ಮುಖವಾಡ ಹಾಕಿ ಓಡಾಡಿದ್ರು. ಚೇನಿ ಮುಖಕ್ಕೆ ಕಾಗೆಗಳು ಕ್ಯಾರೇ ಅನ್ಲಿಲ್ಲ, ಗುಹಾಮಾನವ ಬಂದ್ರೆ ಒಳಗೆ ಯಾರಿದ್ರೂ ಸರಿ ಮುತ್ಕೊಂಡು ಬೈಗುಳ. ಮುಖವಾಡ ತಲೆಕೆಳಗಾಗಿ ಹಾಕ್ಕೊಂಡು ಹೋದ್ರೂ ಬಿಡ್ಲಿಲ್ಲ. ಹಿಡಿದಿದ್ದು 7 ಕಾಗೆ ತಾನೆ, ಎರಡು ವರ್ಷ ಆದ್ಮೇಲೆ ಒಂದು ದಿನ ಪ್ರೊಫೆಸರ್ ಆ ಮುಖವಾಡದಲ್ಲಿ ಒಂದು ಸುತ್ತು ಹೋದಾಗ ಎದುರಾದ 53 ಕಾಗೆಗಳಲ್ಲಿ 47 ಬೈದ್ವಂತೆ. ಅಂದ್ರೆ ಅಪ್ಪ ಅಮ್ಮ ಬೈಯೋದನ್ನ ನೋಡಿ ಮರಿ ಕಲೀತು, ಪಕ್ಕದ ಮರದೋರನ್ನ ನೋಡಿ ಇವ್ರು ಕಲಿತ್ರು. ಯಾವತ್ತೂ ಬಲೆಗೆ ಬೀಳದ ಕಾಗೆಗೂ ಆ ಮುಖ ಅಂದ್ರೆ ಆಗಲ್ಲ.

ಅದು ಅಮೆರಿಕದ ಕಾಗೆ, ನಿಮ್ಮನೆ ಹತ್ರ ಇರೋದು ಬೂದು ಕುತ್ತಿಗೆಯ ನಮ್ಮ ಊರುಕಾಗೆ, ಜಾತಿ ಬೇರೆ. ಆದ್ರೂ ನೀವು ಬರ್ದಿರೋದು ಅದೇ ಲಕ್ಷಣ. ಹಿಂದಿಂದಾನೇ ಬರೋದೂ ಹಾಗೇ, ಕಾಗೆ ನಮ್ಮ ಕಣ್ಣು ಎಲ್ಲಿದೆ ಅಂತ ನೋಡ್ಕೊಂಡೇ ಬರೋದು. ಅದನ್ನ ದಿಟ್ಟಿಸಿ ನೋಡ್ಬೇಡಿ, ಕೈ ಎತ್ತಿ ಓಡಿಸ್ಬೇಡಿ. ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನಾಲ್ಕು ಶೇಂಗಾನೋ ಒಂದು ತುತ್ತು ಅನ್ನಾನೋ ಇಟ್ಟು ತಿರುಗಿ ನೋಡ್ದೆ ಇಳ್ದು ಬನ್ನಿ. ಮರಿ ಗಟ್ಟಿಯಾದ್ಮೇಲೆ ಅರ್ಧ ಸಿಟ್ಟು ತಾನಾಗೇ ಇಳಿಯುತ್ತೆ.

ಒಂದು ಅನುಮಾನ. ಬಿಳಿ ಚುಕ್ಕೆ ಅಂದ್ರಲ್ಲ, ಮರಿ ಫೋಟೋ ಇದ್ರೆ ಹಾಕ್ತೀರಾ?

ಗೋಕುಲ ರೋಡ್ (ಹುಬ್ಬಳ್ಳಿ):

ಮೈಸೂರ ಸರ್, ಸುಮ್ನ ವಾದಾ ಮಾಡಾಕ ಅಲ್ರಿ, ಖರೇನ ತಿಳ್ಕೋಬೇಕಂತ ಕೇಳಾಕತ್ತೀನಿ. ಹೆದರಿಸಿದವರನ್ನ ನೆನಪಿಡೋದು ನಾಯಿನೂ ಮಾಡತೈತಿ, ದನಾನೂ ಮಾಡತೈತಿ. ಅದಕ್ಕ ನಾವು ಬುದ್ಧಿ ಅಂತೀವೇನ್ರಿ?

ಇಂಥಾ ಸುದ್ದಿ ಬಂದಾಗೆಲ್ಲಾ ನಾ ಹುಡುಕಿ ಓದಾಂವ. ಆಕ್ಸ್‌ಫರ್ಡ್‌ನಾಗ ಬೆಟ್ಟಿ ಅನ್ನೋ ನ್ಯೂ ಕ್ಯಾಲಡೋನಿಯಾ ಕಾಗಿ ನೆಟ್ಟನ ತಂತಿ ಬಗ್ಗಿಸಿ ಕೊಕ್ಕಿ ಮಾಡಿ ಕೊಳವಿಯೊಳಗಿನ ಸಣ್ಣ ಬಕೆಟ್ ಎತ್ತಿತು ಅಂತ 2002ರಾಗ ದೊಡ್ಡ ಸುದ್ದಿ ಆತು, ತಾನ ಯೋಚನಿ ಮಾಡಿ ಹೊಸಾ ಹತಾರ ಮಾಡೇತಿ ಅಂದ್ರು. 2016ರಾಗ ಏನ್ ಗೊತ್ತಾತು ಅಂದ್ರ ಆ ಜಾತಿ ಕಾಗಿ ಅಡವಿಯೊಳಗ ಕಡ್ಡಿನೂ ಹಂಗ ಬಗ್ಗಸ್ತಾವ, ಅದು ಅವುಗಳ ಹುಟ್ಟು ಗುಣ ಇದ್ರೂ ಇರಬಹುದು. ಕಾಗಿ ಅಕ್ರೋಡ ತಂದು ಗಾಡಿ ಗಾಲಿ ಕೆಳಗ ಹಾಕಿ ಒಡಸ್ತಾವ ಅಂತ ಹೇಳ್ತಾರಲ್ಲ, ಜಪಾನ್‌ನಾಗ ಹೌದು ಅಂತಾರ, ಕ್ಯಾಲಿಫೋರ್ನಿಯಾದಾಗ 1997ರಾಗ ಕುಂತು ಎಣಿಸಿದ್ರ ಗಾಡಿ ಬಂದ್ರೂ ಬರದಿದ್ರೂ ಅಷ್ಟ ಸಲ ಒಗೀತಿದ್ವು. ಗಟ್ಟಿ ರಸ್ತೆ ಮ್ಯಾಲ ಒಗದ್ರ ಒಡೀತೈತಿ, ಅಷ್ಟ.

ಎಲ್ಲಾಕ್ಕಿಂತ ದೊಡ್ಡ ಮಾತು, ಇಷ್ಟ್ ಶಾಣ್ಯಾ ಪಕ್ಷಿ, ಮನಷ್ಯಾರ ಮುಖಾ ವರ್ಷಗಟ್ಲೆ ನೆನಪಿಡತೈತಿ ಅಂತೀರಿ, ತನ್ನ ಗೂಡಿನ್ಯಾಗ ಕೋಗಿಲಿ ಮರಿ ಕುಂತು ತಿನ್ನಾಕತ್ರೂ ಯಾಕ ಗುರ್ತ ಹಿಡಿಯಂಗಿಲ್ಲ? ಇದಕ್ಕ ಉತ್ತರಾ ಕೊಡ್ರಿ ಸರ್, ಸಣ್ಣಾಂವ ಇದ್ದಾಗಿಂದ ತಲ್ಯಾಗ ಐತಿ ನನಗ.

ಮಹಡಿಮನೆ (ದಾವಣಗೆರೆ):

ಫೋಟೋ ಹಾಕಿದೀನಿ ಸರ್, ಅವತ್ತು ಟವೆಲಲ್ಲಿ ಹಿಡ್ದಾಗ ಮಗಳು ತೆಗ್ದಿದ್ದು, ಸ್ವಲ್ಪ ಅಲ್ಲಾಡಿದೆ.

ಹಕ್ಕಿ ಹಿಂದೆ (ಮೈಸೂರು):

ಮೇಡಂ ಅದು ಕಾಗೆಮರಿ ಅಲ್ಲ! ಕೋಗಿಲೆ ಮರಿ. ಮೈತುಂಬ ಬಿಳಿ ಚುಕ್ಕೆ, ಬಾಲದ ಮೇಲೆ ಅಡ್ಡ ಪಟ್ಟೆ, ಹೆಣ್ಣು ಕೋಗಿಲೆ ಆಗೋ ಮರಿ. ನಿಮ್ಮ ತಲೆಗೆ ಕುಕ್ತಿರೋ ಜೋಡಿ ಮೂರು ವಾರದಿಂದ ಕಾಪಾಡ್ತಿರೋದು ಪರರ ಮಗೂನ.

ಹುಬ್ಬಳ್ಳಿ ಸರ್, ನಿಮ್ಮ ಪ್ರಶ್ನೆ ಇಲ್ಲೇ ಮರದ ಮೇಲೆ ಕೂತಿದೆ ನೋಡಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಬೆಟ್ಟಿ ಬಗ್ಗೆ ನೀವು ಹೇಳಿದ್ದು ಸರಿ, ಅಕ್ರೋಡದ್ದೂ ಸರಿ. ಆದ್ರೆ ಕೋಗಿಲೆ ವಿಷ್ಯದಲ್ಲಿ ಕಾಗೆ ದಡ್ಡ ಅಂತ ನಾನು ಒಪ್ಪಲ್ಲ. ಕಾಗೆಗೆ ದೊಡ್ಡ ಕೋಗಿಲೆ ಚೆನ್ನಾಗೇ ಗೊತ್ತು, ಕಂಡ್ರೆ ಅಟ್ಟಿಸ್ಕೊಂಡು ಹೋಗುತ್ತೆ. ಆ ಸಿಟ್ಟನ್ನೇ ಕೋಗಿಲೆ ಬಳಸ್ಕೊಳ್ಳೋದು, ಕಪ್ಪು ಗಂಡು ಗೂಡಿನ ಹತ್ರ ಬಂದು ಕೂಗುತ್ತೆ, ಕಾಗೆ ಅದನ್ನ ಓಡಿಸಕ್ಕೆ ಹೋದಾಗ ಚುಕ್ಕೆ ಚುಕ್ಕೆ ಹೆಣ್ಣು ಕಳ್ಳಹೆಜ್ಜೇಲಿ ಬಂದು ಮೊಟ್ಟೆ ಇಟ್ಟು ಹೋಗುತ್ತೆ. ಮೊಟ್ಟೆ ಸ್ವಲ್ಪ ಸಣ್ಣದು ಅಷ್ಟೇ, ಬಣ್ಣ ಕಾಗೆ ಮೊಟ್ಟೆದೇ ಥರ, ಹಸಿರು ಛಾಯೆ ಮೇಲೆ ಕಂದು ಚುಕ್ಕೆ. ಕಾಗೆ ಮೊಟ್ಟೆಗಿಂತ ಎರಡು ಮೂರು ದಿನ ಮೊದಲೇ ಒಡೆಯುತ್ತೆ, ಹಾಗಾಗಿ ಮೊದಲು ಬಾಯಿ ತೆಗೆಯೋದೂ ಅದೇ. ಇನ್ನೊಂದು, ಯುರೋಪಿನ ಕುಕ್ಕೂ ಮರಿ ಥರ ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಗೂಡಿನ ಬೇರೆ ಮರಿಗಳನ್ನ ಕೆಳಗೆ ತಳ್ಳಲ್ಲ, ಜೊತೇಲೇ ಬೆಳೆಯುತ್ತೆ. ಈಗ ಕಾಗೆ ಜಾಗದಲ್ಲಿ ನಿಂತು ಯೋಚ್ನೆ ಮಾಡಿ, ಅನುಮಾನ ಬಂತು ಅಂತ ಒಂದು ಮರೀನ ಎತ್ತಿ ಹೊರಗೆ ಹಾಕಿ ಅದು ತಂದೇ ಆಗಿದ್ರೆ? ಆ ತಪ್ಪು ಇನ್ನೊಬ್ರ ಮರಿಗೆ ಊಟ ಹಾಕೋ ತಪ್ಪಿಗಿಂತ ದೊಡ್ಡದು. ನನ್ನ ಗೂಡಲ್ಲಿ ಬಾಯಿ ತೆಗೆದಿದ್ದು ನನ್ನದು ಅನ್ನೋ ಲೆಕ್ಕಾನೇ ಬಹಳ ಸಲ ಉಳಿಸುತ್ತೆ.

ಇನ್ನು ಬುದ್ಧಿ ಅಂದ್ರೆ ಭಯದ ನೆನಪು ಮಾತ್ರ ಅಲ್ವಲ್ಲ ಅಂದ್ರಿ. ರೇವನ್ ಗೊತ್ತಲ್ಲ, ಕಾಗೆ ಕುಲದ ದೊಡ್ಡಣ್ಣ, ಕರ್ನಾಟಕದಲ್ಲಿ ಇಲ್ಲ, ರಾಜಸ್ಥಾನ ಲಡಾಖ್ ಕಡೆ ಹೋದ್ರೆ ಕಾಣುತ್ತೆ. ಸ್ವೀಡನ್‌ನ ಲುಂಡ್ ಯೂನಿವರ್ಸಿಟೀಲಿ 5 ರೇವನ್‌ಗಳಿಗೆ ಒಂದು ಡಬ್ಬಿ ಕಲಿಸಿದ್ರು, ಸರಿಯಾದ ಕಲ್ಲು ಕೊಳವೆ ಒಳಗೆ ಹಾಕಿದ್ರೆ ತಿಂಡಿ ಬೀಳುತ್ತೆ. ಆಮೇಲೆ ಡಬ್ಬಿ ತೆಗ್ದು, ಒಂದು ತಟ್ಟೇಲಿ ಕೆಲವು ಬೇಡದ ಸಾಮಾನು, ಜೊತೆಗೆ ಈಗ್ಲೇ ತಿನ್ನೋಕೆ ಒಂದು ಸಣ್ಣ ತಿಂಡಿ, ಜೊತೆಗೆ ಆ ಕಲ್ಲು. ಬಹಳ ಸಲ ಎದುರಿಗಿದ್ದ ತಿಂಡಿ ಬಿಟ್ಟು ಕಲ್ಲು ಎತ್ಕೊಂಡ್ವು! ಆಮೇಲೆ ಡಬ್ಬಿ ಬಂದಾಗ ತಂದು ಹಾಕಿದ್ವು. 17 ಗಂಟೆ, ಅಂದ್ರೆ ಮಾರನೇ ದಿನದ ತನಕ ಕಾಯಿಸಿದ ಬೇರೆ ಸುತ್ತಲ್ಲೂ ಮುಂದೆ ಬೇಕಾಗೋದನ್ನೇ ಎತ್ಕೊಂಡ್ವು. 2017ರಲ್ಲಿ ಬಂದ ಫಲಿತಾಂಶ ಇದು. ಅದ್ರಲ್ಲಿ ಒಂದು ಹೆಣ್ಣು ರೇವನ್ ಅಂತೂ ಕಲ್ಲೇ ಬೇಡ ಅಂತ ಕಡ್ಡಿ ಚಕ್ಕೆ ತುರುಕಿ ಡಬ್ಬಿ ತೆಗೆಯೋದು ಕಂಡುಹಿಡೀತು, ಉಳಿದವಕ್ಕೂ ಹೇಳ್ಕೊಟ್ಬಿಡುತ್ತೆ ಅಂತ ಅದನ್ನ ಪ್ರಯೋಗದಿಂದಾನೇ ಹೊರಗಿಟ್ರು. ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಈ ಹಕ್ಕಿ. ಚೇಷ್ಟೆ ಬುದ್ಧಿ ಅಂತ ಎರಡು ಬೇರೆ ಬೇರೆ ಇಲ್ಲ ಅನ್ಸುತ್ತೆ.

ತೋಟದಮನೆ (ಸಿರ್ಸಿ):

ನನಗೀಗ ಎಪ್ಪತ್ತರ ಹತ್ತಿರ, ವಿಜ್ಞಾನ ಓದಿದವನಲ್ಲ, ಅಡಿಕೆ ತೋಟ ಮಾಡ್ಕೊಂಡು ಬಂದವ. ನೋಡಿದ್ದು ಮಾತ್ರ ಹೇಳ್ತೇನೆ.

ದೇವರ ಮನೆ ಬಾಗಿಲು ತೆಗೆದಿಟ್ರೆ ದೀಪದ ಬತ್ತಿ ಎತ್ಕೊಂಡು ಹೋಗ್ತದೆ, ತುಪ್ಪದ ವಾಸನೆಗೆ. ಬಚ್ಚಲು ಕಟ್ಟೆ ಮೇಲಿನ ಸೋಪು ಎಷ್ಟು ಕಳ್ಕೊಂಡಿದ್ದೇವೋ ಲೆಕ್ಕ ಇಲ್ಲ, ಮಳೆಗಾಲ ಮುಗಿದು ಹಂಚು ಕೈಯಾಡಿಸೋಕೆ ಹತ್ತಿದಾಗ ಮಾಡಿನ ಸಂದಿಯಲ್ಲಿ ಅರ್ಧ ಕರಗಿದ ಸೋಪು ಸಿಕ್ಕಿತ್ತು. ಒಣ ರೊಟ್ಟಿ ಹಾಕಿದ್ರೆ ನೇರ ತಿನ್ನೋದಿಲ್ಲ, ದನದ ನೀರಿನ ಬಾನಿಗೆ ಅದ್ದಿ ಮೆತ್ತಗೆ ಮಾಡ್ಕೊಂಡೇ ತಿನ್ನೋದು. ಗದ್ದೆ ಬೀಜ ಹಾಕಿದಾಗ ಸತ್ತ ಕಾಗೆ ಸಿಕ್ಕಿದ್ರೆ ಒಂದು ಕೋಲಿಗೆ ಕಟ್ಟಿ ನೇತು ಹಾಕ್ತಿದ್ರು ನಮ್ಮ ಅಪ್ಪ. ಊರಿನ ಕಾಗೆ ಎಲ್ಲ ಬಂದು ಒಂದು ಗಳಿಗೆ ಗಲಾಟೆ ಮಾಡಿ ಹೋದ್ರೆ ಮತ್ತೆ ಕೆಲವು ದಿನ ಆ ಗದ್ದೆಗೆ ಇಳೀತಿರಲಿಲ್ಲ. ಅವರವರಲ್ಲೇ ಏನು ಮಾತಾಡ್ಕೊಳ್ತಾವೋ.

ತೋಟದಲ್ಲಿ ಭೀಮರಾಜ ಇದೆ, ಬಾಲದಲ್ಲಿ ಎರಡು ಉದ್ದ ತಂತಿ ತುದಿಗೆ ಗರಿ ಇರ್ತದಲ್ಲ ಅದು. ಗಿಡುಗ ಕೂಗಿದಂಗೆ ಕೂಗ್ತದೆ, ಬೆಕ್ಕು ಕೂಗಿದಂಗೂ ಕೂಗ್ತದೆ, ನಮ್ಮನೆ ಬೆಕ್ಕೇ ತಿರುಗಿ ನೋಡ್ತದೆ.

ಶ್ರಾದ್ಧದ ದಿನ ಎಲೆ ಇಟ್ಟು ಕಾಕಾ ಅಂತ ಕರೆದು ಕಾಯೋದು ನಮಗೆಲ್ಲ ರೂಢಿ. ನಮ್ಮ ತಾಯಿ ಹೋದ ವರ್ಷ ಒಂದು ತಾಸಾದ್ರೂ ಕಾಗೆ ಬರಲೇ ಇಲ್ಲ, ಎಲ್ಲರ ಮನಸ್ಸಿಗೂ ಕಸಿವಿಸಿ, ಅವಳಿಗೆ ಏನೋ ಆಸೆ ಉಳಿದಿತ್ತು ಅಂತ ಅಕ್ಕ ಅಳ್ತಾ ಕೂತಳು. ಆಮೇಲೆ ಹೊಳೀತು, ಹಿಂದಿನ ವಾರ ಅದೇ ಅಂಗಳದಲ್ಲಿ ನೆಂಟರ ಹುಡುಗ ಕವಣೆ ಕಲ್ಲು ಹೊಡೆದಿದ್ದ, ಅವತ್ತು ಅವನೂ ಪಂಕ್ತಿ ಪಕ್ಕ ನಿಂತಿದ್ದ. ಅವನನ್ನ ಒಳಗೆ ಕಳಿಸಿದ್ವಿ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳೀತು. ಅಮ್ಮನೇ ಬಂದಳು ಅಂತ ನಾನು ಇವತ್ತಿಗೂ ನಂಬ್ತೇನೆ, ಕಾಗೆಗೆ ಹುಡುಗನ ಗುರ್ತು ಹತ್ತಿತ್ತು ಅನ್ನೋದನ್ನೂ ನಂಬ್ತೇನೆ. ತಂಗೀ, ನೀನು ದೀಪ ಹಚ್ಚಿದ್ದು ಒಳ್ಳೇದೇ ಆಯ್ತು, ಅದರ ಜೊತೆ ಅನ್ನಾನೂ ಇಡು.

ಅರಸೀಕೆರೆಯವ (ಸಿಯಾಟಲ್):

ಸಿರ್ಸಿ ಹಿರಿಯರು ಬರ್ದಿದ್ದು ಓದಿ ಮೈ ಜುಮ್ ಅಂತು. ಸತ್ತ ಕಾಗೆ ಕಟ್ಟೋ ವಿಷ್ಯ ಇದ್ಯಲ್ಲ, ಅದನ್ನೇ ಇಲ್ಲಿ ಕೇಲಿ ಸ್ವಿಫ್ಟ್ ಅನ್ನೋರು ಮಾರ್ಜ್ಲಫ್ ಜೊತೆ ಸೇರಿ ಅಧ್ಯಯನ ಮಾಡಿದಾರೆ, 2015ರಲ್ಲಿ ಬಂತು. ಮೊದಲು ಒಂದು ಜಾಗದಲ್ಲಿ ದಿನಾ ಕಾಗೆಗೆ ತಿಂಡಿ ಹಾಕೋದು, ಆಮೇಲೆ ಮುಖವಾಡ ಹಾಕ್ಕೊಂಡ ಒಬ್ರು ಸತ್ತ ಕಾಗೇನ ಕೈಯಲ್ಲಿ ಹಿಡ್ಕೊಂಡು ಅಲ್ಲಿ ನಿಲ್ಲೋದು. ಕಾಗೆಗಳು ಕೂಗಿ ಬಳಗ ಸೇರಿಸಿ ಗಲಾಟೆ ಮಾಡಿ, ಮುಂದಿನ ಕೆಲವು ದಿನ ಆ ತಿಂಡಿ ಹತ್ರ ಬರಕ್ಕೇ ಹಿಂದೆ ಮುಂದೆ ನೋಡಿದ್ವು, ಆ ಮುಖವಾಡದ ಮನುಷ್ಯ ಬರಿಗೈಲಿ ವಾರಗಳು ಬಿಟ್ಟು ಬಂದ್ರೂ ಬೈದ್ವು. ನಿಮ್ಮ ತಂದೆಯವ್ರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಅಂದಂಗಾಯ್ತು.

ನಾವಿರೋ ಕಡೆಯಿಂದ ವಾಷಿಂಗ್ಟನ್ ಯೂನಿವರ್ಸಿಟಿಯ ಬಾಥೆಲ್ ಕ್ಯಾಂಪಸ್ ಹತ್ರ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಅಲ್ಲಿ ನಿಂತ್ರೆ ನಾಲ್ಕೂ ದಿಕ್ಕಿಂದ ಕಾಗೆ ಹೊಳೆ ಥರ ಬರುತ್ತೆ, ಹತ್ತು ಸಾವಿರಕ್ಕೂ ಮೇಲೆ, ಎಲ್ಲಾ ಅಲ್ಲಿನ ಜೌಗು ಮರಗಳಲ್ಲಿ ರಾತ್ರಿ ಮಲಗಕ್ಕೆ. ಮಗಳನ್ನ ಕರ್ಕೊಂಡು ಹೋದಾಗೆಲ್ಲ ನಂಗೆ ನೆನಪಾಗೋದು ಅಜ್ಜಿ ಹೇಳ್ತಿದ್ದ ಮಾತು, ಕಾಗೆ ಒಂದು ಅಗುಳು ಕಂಡ್ರೂ ಬಳಗನೆಲ್ಲಾ ಕರೆಯುತ್ತೆ ನೀನು ಒಬ್ಬನೇ ತಿಂತೀಯಲ್ಲೋ ಅಂತ.

ಆ ಮಾತಿಗೂ ಇಲ್ಲಿ ಒಂದು ಕತೆ ಇದೆ. ಮೇನ್ ರಾಜ್ಯದ ಕಾಡಲ್ಲಿ ಬರ್ನ್ಡ್ ಹೈನ್ರಿಚ್ ಅನ್ನೋ ವಿಜ್ಞಾನಿ 1980ರ ದಶಕದಲ್ಲಿ ಕೊರೆಯೋ ಚಳೀಲಿ ಸತ್ತ ಪ್ರಾಣಿಗಳನ್ನ ಎಳ್ಕೊಂಡು ಹೋಗಿ ಹಾಕಿ ರೇವನ್‌ಗಳನ್ನ ವರ್ಷಗಟ್ಲೆ ಕಾದು ನೋಡಿದ್ರು. ಅವ್ರಿಗೆ ತಲೆ ಕೆಡಿಸಿದ ಪ್ರಶ್ನೆ, ಇಷ್ಟು ಅಪರೂಪದ ಊಟ ಸಿಕ್ಕಾಗ ಈ ಹಕ್ಕಿ ಯಾಕೆ ಕೂಗಿ ಊರಿಗೆಲ್ಲಾ ಹೇಳುತ್ತೆ? ಕೊನೆಗೆ ಗೊತ್ತಾಗಿದ್ದು, ಕೂಗೋದು ಇನ್ನೂ ಮನೆ ಜಾಗ ಇಲ್ಲದ ಎಳೇ ರೇವನ್‌ಗಳು. ಆ ಜಾಗದ ಯಜಮಾನ ಜೋಡಿ ಇವನ್ನ ಊಟದ ಹತ್ರ ಬಿಡಲ್ಲ, ಒಂಟಿಯಾಗಿ ಹೋದ್ರೆ ಏಟು, ಹತ್ತಾರು ಜನ ಸೇರಿ ಹೋದ್ರೆ ಯಜಮಾನರು ಏನೂ ಮಾಡಕ್ಕಾಗಲ್ಲ. ಹಂಚ್ಕೊಂಡ್ರೇನೇ ತನಗೂ ಒಂದು ತುತ್ತು. ಇದನ್ನ ಓದಿದ್ಮೇಲೆ ಅಜ್ಜಿ ಮಾತು ಸುಳ್ಳು ಅಂತ ನಂಗೇನೂ ಅನ್ಸಲಿಲ್ಲ, ಇನ್ನೂ ಗಟ್ಟಿ ಆಯ್ತು.

ಚೇಷ್ಟೆ ಬೇಕಾದ್ರೆ ಯೆಲ್ಲೋಸ್ಟೋನಿಗೆ ಬನ್ನಿ. ತೋಳ ಬೇಟೆ ಆಡೋ ಕಡೆ ಹಿಂದೆ ಹಿಂದೇನೇ ರೇವನ್ ಹೋಗುತ್ತೆ, ಅದ್ರ ಕೊಕ್ಕಿಗೆ ದೊಡ್ಡ ಪ್ರಾಣಿ ಚರ್ಮ ಸೀಳಕ್ಕಾಗಲ್ಲ ಅಲ್ವಾ, ತೋಳ ಸೀಳಿಕೊಡ್ಬೇಕು. ತೋಳ ತಿಂತಾ ಇದ್ರೆ ಹಿಂದಿಂದ ಹೋಗಿ ಬಾಲ ಎಳೆಯೋದೂ ಉಂಟು. ಹಿಮದಲ್ಲಿ ಓಡಿಸೋ ಬೈಕ್ ನಿಲ್ಸಿ ಜನ ಆಕಡೆ ಹೋದ್ರೆ ಬ್ಯಾಗಿನ ಜಿಪ್ ಎಳೆದು ತೆಗೆದು ಊಟ ಕದಿಯುತ್ತೆ, ಪಾರ್ಕಿನವ್ರೇ ಎಚ್ಚರಿಕೆ ಹೇಳ್ತಾರೆ. ಕಳೆದ ಚಳಿಗಾಲ ನಮ್ಮ ಚಪಾತಿ ರೋಲ್ ಹಾಗೇ ಹೋಯ್ತು. ಫಾಯಿಲ್ ಬಿಚ್ಚಿ, ಆಲೂಗಡ್ಡೆ ಪಲ್ಯ ಮಾತ್ರ ತಿಂದು, ಚಪಾತಿ ಎಲ್ಲೋ ಹಿಮದಲ್ಲಿ ಹೂತಿಡಕ್ಕೆ ಎತ್ಕೊಂಡು ಹೋಯ್ತು. ಇನ್ನೊಂದು ರೇವನ್ ಹತ್ರ ಬಂದ ತಕ್ಷಣ ಹೂತಿದ್ದನ್ನ ಮತ್ತೆ ಕಿತ್ಕೊಂಡು ಮರದ ಮರೆಗೆ ನಡೀತು. ಮಗಳು ಊಟ ಹೋಯ್ತು ಅಂತ ಅಳೋದು ಬಿಟ್ಟು ಅದನ್ನೇ ನೋಡ್ತಾ ನಿಂತಿದ್ಲು.

ಗೋಕುಲ ರೋಡ್ (ಹುಬ್ಬಳ್ಳಿ):

ಆ ಮರಿ ಮಾತು ನನಗ ನಾಟ್ತು ಮೈಸೂರ ಸರ್. ತಪ್ಪು ಯಾವ ಕಡಿ ಆದ್ರ ಹೆಚ್ಚ ಲುಕ್ಸಾನು ಅಂತ ನೋಡಬೇಕು, ನಾ ಹಂಗ ಯೋಚನಿ ಮಾಡಿದ್ದಿಲ್ಲ. ಆದ್ರ ಕಲ್ಲಿನ ಮಾತಿಗೆ ನಂದೊಂದು ತಕರಾರ ಐತಿ, ಆ ಕಲ್ಲು ಮೊದಲಿಂದಾನೂ ತಿಂಡಿ ಕೊಡಸಿತ್ತಲ್ಲ, ಕಲ್ಲಿನ ಮ್ಯಾಲನ ಆಸಿ ಬೆಳದಿರಬಹುದು, ನಾಳಿ ಡಬ್ಬಿ ಬರತೈತಿ ಅಂತ ಯೋಚನಿ ಮಾಡೇ ಎತ್ತಿತು ಅಂತ ಹೆಂಗ್ ಹೇಳೋದು?

ಹಕ್ಕಿ ಹಿಂದೆ (ಮೈಸೂರು):

ಇದೇ ತಕರಾರು ವಿಜ್ಞಾನಿಗಳೂ ಎತ್ತಿದಾರೆ ಸರ್, ಲುಂಡ್ ಫಲಿತಾಂಶದ ಮೇಲೆ ಇನ್ನೂ ವಾದ ಮುಗಿದಿಲ್ಲ. ನನ್ನ ಮಟ್ಟಿಗೆ ವಿಯೆನ್ನಾದವ್ರು 2016ರಲ್ಲಿ ಮಾಡಿದ್ದು ಇನ್ನೂ ಗಟ್ಟಿ. ಎರಡು ಕೋಣೆ, ನಡುವಿನ ಗೋಡೇಲಿ ಸಣ್ಣ ತೂತು. ಪಕ್ಕದ ಕೋಣೇಲಿ ಇನ್ನೊಂದು ರೇವನ್ ಇರೋ ಥರ ಸದ್ದು ಸ್ಪೀಕರಿಂದ ಬರುತ್ತೆ, ನಿಜವಾಗಿ ಅಲ್ಲಿ ಯಾವ ಹಕ್ಕಿನೂ ಇಲ್ಲ. ತೂತು ಮುಚ್ಚಿದ್ರೆ ರೇವನ್ ಆರಾಮಾಗಿ ತಿಂಡಿ ಬಚ್ಚಿಡುತ್ತೆ. ತೂತು ತೆಗೆದಿದ್ರೆ ಯಾರೋ ನೋಡ್ತಿದಾರೆ ಅನ್ನೋ ಥರ ಬೇಗ ಬೇಗ ಮುಚ್ಚಿಡುತ್ತೆ. ಆ ತೂತಿಂದ ತಾನು ಮುಂಚೆ ಇಣುಕಿ ನೋಡಿತ್ತು, ಈಗ ಬೇರೆಯವ್ರೂ ಇಣುಕಬಹುದು ಅಂತ ಅದಕ್ಕೆ ಹೊಳೀತು. ಸಿಯಾಟಲ್ ಸರ್ ಅವ್ರ ಚಪಾತಿ ಕಳ್ಳನೂ ಇದೇ ಕೆಲಸ ಮಾಡಿದ್ದು.

ಮಹಡಿಮನೆ (ದಾವಣಗೆರೆ):

ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಂಬತ್ತು ದಿನ ಆಯ್ತು ಅದಕ್ಕೇ ಬರೀತಿದೀನಿ.

ಕೋಗಿಲೆ ಮರಿ ಅಂದಾಗ ಮೊದಲು ನಂಗೆ ಕಾಗೆ ಮೇಲೆ ಅಯ್ಯೋ ಅನ್ನಿಸ್ತು, ಆಮೇಲೆ ಅತ್ತೆಗೆ ಹೇಳಿದ್ರೆ ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರ್ದಾದ್ರೇನು ಸಾಕ್ತಿದೆ ಅಲ್ವಾ ಅಂದ್ರು. ಈಗ ಬೆಳಿಗ್ಗೆ ಕೊಬ್ಬರಿ ಚೂರು ಅನ್ನ ಅವ್ರೇ ಬಟ್ಟಲಿಗೆ ಹಾಕಿ ನನ್ನ ಕೈಲಿ ಕೊಡ್ತಾರೆ, ನೀನೇ ಇಡ್ಬೇಕು ನಿನ್ನ ಮುಖ ತಾನೆ ಅದಕ್ಕೆ ಗೊತ್ತಾಗ್ಬೇಕಿರೋದು ಅಂತ. ಮೊದಲ ನಾಲ್ಕು ದಿನ ಹೆಲ್ಮೆಟ್ ಹಾಕ್ಕೊಂಡೇ ಇಟ್ಟೆ, ಆಮೇಲೆ ಮಗಳು ಅಮ್ಮ ಹೆಲ್ಮೆಟ್ಟಿಗೆ ಒಳ್ಳೆ ಹೆಸರು ಬರುತ್ತೆ ನಿಂಗೆ ಬರಲ್ಲ ಅಂದ್ಲು, ಸರಿ ಅನ್ಸಿ ತೆಗ್ದೆ. ಎರಡು ಸಲ ಕುಕ್ತು. ನಿನ್ನೆ ತಲೆ ಮೇಲೆ ಗಾಳಿ ಬೀಸೋ ಹಾಗೆ ಹತ್ರ ಹಾರಿ ಹೋಯ್ತು, ಕುಕ್ಲಿಲ್ಲ. ಇವತ್ತು ಅನ್ನ ಇಟ್ಟು ಇಳಿಯೋ ಮೆಟ್ಟಿಲ ಹತ್ರ ಬೆನ್ನು ಹಾಕಿ ನಿಂತಿದ್ದೆ, ಹಿಂದೆ ಬಟ್ಟಲು ಟಣ್ ಅಂತ ಸದ್ದಾಯ್ತು. ಓರೆಗಣ್ಣಲ್ಲಿ ನೋಡಿದ್ರೆ ಕಾಗೆ ಕೊಬ್ಬರಿ ಚೂರು ಬಾಯಿ ತುಂಬ ತುಂಬ್ಕೊಂಡು ಟ್ಯಾಂಕಿನ ಪೈಪ್ ಮೇಲೆ ಕೂತಿರೋ ಚುಕ್ಕೆ ಮರಿ ಬಾಯಿಗೆ ಇಡ್ತಿತ್ತು, ಮರಿ ಆಗ್ಲೇ ಅದ್ರಷ್ಟೇ ಉದ್ದ ಆಗಿದೆ.

ಹಾಲಿನ ಬೂತ್ ತನಕ ಬರೋದು ಮಾತ್ರ ಬಿಟ್ಟಿಲ್ಲ, ಬೈಯೋದು ಕಮ್ಮಿ ಆಗಿದೆ. ಮೈಸೂರು ಸರ್, ಮರಿ ಹಾರಿ ಹೋದ್ಮೇಲೂ ಅನ್ನ ಇಡೋದು ಮುಂದುವರಿಸ್ಲಾ?